ಹೊಳಿ ಇಳಿದ ಮ್ಯಾಲ ಏನು ಉಳೀತು? ಭೀಮಾ ದಂಡಿಯ ನೂರು ವರ್ಷದ ಲೆಕ್ಕ



ನಮ್ಮ ಕಡೆ ಚಹಾ ಅಂಗಡ್ಯಾಗ ನಾಕು ಮಂದಿ ಕುಂತ್ರ ಒಂದು ವಾದ ಖಾಯಂ ನಡೀತದ. 2009ರ ಹೊಳಿ ದೊಡ್ಡದೋ, 2020ರದ್ದು ದೊಡ್ಡದೋ, ಇಲ್ಲಾ 2025ರದ್ದು ದೊಡ್ಡದೋ ಅಂತ. ಒಬ್ಬಾತ ಗುಡಿ ಮೆಟ್ಟಲ ಎಣಿಸ್ತಾನ, ಇನ್ನೊಬ್ಬಾತ ಬೇವಿನ ಗಿಡದ ಕೊಂಬಿಗೆ ಸಿಕ್ಕೊಂಡ ಕಸ ತೋರಸ್ತಾನ. ವಾದ ಮುಗಿಯೋದಿಲ್ಲ, ಚಹಾ ಮುಗಿತದ.

ನನಗ ಅದಕ್ಕಿಂತ ಬ್ಯಾರೆ ಪ್ರಶ್ನೆ ಕಾಡ್ತದ. ಪ್ರತಿ ಸಲ ಹೊಳಿ ಬಂದು ಇಳಿದ ಮ್ಯಾಲ ನಮ್ಮ ಕೈಯಾಗ ಏನು ಉಳೀತು? ಸರಕಾರ ಆವಾಗ ಹೊಸದಾಗಿ ಏನು ಕಲಿತು, ಏನು ಮಾಡ್ತು? ಯಾರ ಮನಿಗೆ ಅದು ಮುಟ್ಟಿತು, ಯಾರನ್ನು ದಾಟಿ ಹೋಯ್ತು? ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನವರು ಈ ಲೆಕ್ಕ ಒಮ್ಮೆ ಕುಂತು ಮಾಡಿಕೊಂಡ್ರ ಮುಂದಿನ ಸಲಕ್ಕ ಉಪಯೋಗ ಆಗ್ತದ ಅಂತ ಬರೀಲತೀನಿ. ಸ್ವಲ್ಪ ಉದ್ದ ಅದ, ಪುರುಸೊತ್ತು ಮಾಡಿಕೊಂಡು ಓದ್ರಿ.

ಮೊದಲು ಹೊಳಿ ಬರೋ ಹೊತ್ತು

ಭೀಮಾ ಹುಟ್ಟೋದು ಪುಣೆ ಜಿಲ್ಲೆಯ ಭೀಮಾಶಂಕರದಾಗ. ಸೊಲ್ಲಾಪುರ ಜಿಲ್ಲೆ ದಾಟಿ, ಇಂಡಿ, ಸಿಂದಗಿ ಕಡೆ ಒಂದು ದಂಡಿ, ಅಫಜಲಪುರ ಕಡೆ ಇನ್ನೊಂದು ದಂಡಿ ಮಾಡಿಕೊಂಡು ಬರ್ತದ. ಮುಂದ ಕಲಬುರಗಿ ಮತ್ತು ಜೇವರ್ಗಿ ನಡುವ ಹರಿದು, ಕಡೀಕ ರಾಯಚೂರಿನ ಹತ್ತಿರ ಕೃಷ್ಣೆಗೆ ಕೂಡ್ತದ. ನಮ್ಮಲ್ಲಿಗೆ ಬರೋದು ಒಂದು ಹೊಳಿಯ ನೀರು ಅಂತ ತಿಳೀಬ್ಯಾಡ್ರಿ. ಉಜನಿ ಡ್ಯಾಮಿನಿಂದ ಬಿಟ್ಟದ್ದು ಒಂದು. ನೀರಾ ಹೊಳಿ ಮ್ಯಾಲಿನ ವೀರ್ ಡ್ಯಾಮಿನಿಂದ ಬಂದು ಉಜನಿ ಕೆಳಗ ಕೂಡೋದು ಎರಡು. ಸೀನಾ ಹೊಳಿ ತಂದು ಹಾಕೋದು ಮೂರು. ಆಮ್ಯಾಲ ಅಕ್ಕಲಕೋಟ ಕಡೆಯಿಂದ ಬೋರಿ ಹಳ್ಳ, ಆಳಂದದ ಕಡೆಯಿಂದ ಅಮರ್ಜಾ. ಕೆಳಗ ಹೋದ್ರ ಕಾಗಿಣಾ. ಉಜನಿಯಿಂದ ಎಷ್ಟು ಕ್ಯುಸೆಕ್ ಬಿಟ್ರು ಅಂತ ಒಂದೇ ಸುದ್ದಿ ಕೇಳಿ ನಿದ್ದಿ ಮಾಡಿದವರಿಗೆ ಸೀನಾ ನೀರು ರಾತ್ರೋರಾತ್ರಿ ಬಂದು ಎಬ್ಬಿಸ್ತದ. 2025ರಾಗ ಆದದ್ದು ಬಹುಮಟ್ಟಿಗೆ ಅದೇ.

ಇನ್ನೊಂದು ಮಾತು. ನಮ್ಮ ದೊಡ್ಡ ಹೊಳಿಗಳ ತಾರೀಕು ನೋಡ್ರಿ. 2009ರದ್ದು ಸೆಪ್ಟೆಂಬರ್ ಕಡೀ ದಿನಗಳಿಂದ ಅಕ್ಟೋಬರ್ ಮೊದಲ ವಾರ, ಅಂದ್ರ ಹಸ್ತಾ ಮಳಿ. 2020ರದ್ದು ಅಕ್ಟೋಬರ್ 13, 14, ಅಂದ್ರ ಚಿತ್ತಾ ಮಳಿ. 2025ರದ್ದು ಸೆಪ್ಟೆಂಬರ್ ಕಡೀ ವಾರ, ಉತ್ತರಿ ಮುಗಿದು ಹಸ್ತಾ ಕೂಡೋ ಹೊತ್ತು. ಮೂರೂ ಹಿಂಗಾರಿ ಬಾಗಿಲದಾಗ ಬಂದಾವ. ಯಾಕಂದ್ರ ಆಷಾಢ, ಶ್ರಾವಣದಾಗ ಡ್ಯಾಮ್ ಖಾಲಿ ಇರ್ತಾವ, ಬಂದ ನೀರು ನುಂಗ್ತಾವ. ಗಣೇಶ ಚೌತಿ ದಾಟಿದ ಮ್ಯಾಲ ಡ್ಯಾಮ್ ತುಂಬಿ ಕುಂತಿರ್ತಾವ. ಆಮ್ಯಾಲ ಬಿದ್ದ ಮಳಿ ಅಷ್ಟಕ್ಕಷ್ಟು ಕೆಳಗ ಬರ್ತದ. ಆ ಹೊತ್ತಿಗೆ ನಮ್ಮ ಹೊಲದಾಗ ಉದ್ದು, ಹೆಸರು ರಾಶಿ ಆಗಿರ್ತದ ಇಲ್ಲಾ ಆಗಲಿಕ್ಕ ಬಂದಿರ್ತದ, ಹತ್ತಿ ಕಾಯಿ ಒಡೀತಿರ್ತದ, ತೊಗರಿ ಎದಿ ಮಟ್ಟ ಬಂದಿರ್ತದ. ಖರ್ಚೆಲ್ಲಾ ಹಾಕಿ ಮುಗಿದು, ಕೈಗೆ ಒಂದು ರೂಪಾಯಿ ಬಂದಿರೋದಿಲ್ಲ. ಅದಕ್ಕೇ ನಮ್ಮ ನೆರೆ ಮನಿ ಬೀಳಿಸೋದಕ್ಕಿಂತ ಹೆಚ್ಚು ವರ್ಷ ಬೀಳಸ್ತದ.

1908: ಹೈದರಾಬಾದ್ ಕಲಿತ ಪಾಠ

ನಮ್ಮ ಮೂರೂ ತಾಲೂಕು ಆಗ ನಿಜಾಮರ ಸಂಸ್ಥಾನದ ಗುಲಬರ್ಗಾ ಜಿಲ್ಲೆ. ಅಫಜಲಪುರದ ಎದುರಿಗೆ ಹೊಳಿ ಆಚೆ ಇಂಡಿ, ಸಿಂದಗಿ ಮಾತ್ರ ಬ್ರಿಟಿಷರ ಮುಂಬೈ ಪ್ರಾಂತ್ಯ. ಒಂದೇ ಹೊಳಿ, ಒಂದೇ ನೀರು, ಎರಡು ಸರಕಾರ.

ಆ ಸಂಸ್ಥಾನದ ರಾಜಧಾನಿಗೆ 1908ರ ಸೆಪ್ಟೆಂಬರ್ 28ರಂದು ಮೂಸಿ ಹೊಳಿ ನುಗ್ಗಿತು. ಅದೂ ಹಸ್ತಾ ಮಳಿಯ ದಿನವೇ ನೋಡ್ರಿ. ಸುಮಾರು 15,000 ಜನ ಸತ್ರು ಅಂತ ಲೆಕ್ಕ ಅದ. ಅಫಜಲಗಂಜಿನ ಹತ್ತಿರ ಒಂದು ಹುಣಸಿ ಗಿಡ ಹತ್ತಿ ನೂರೈವತ್ತು ಮಂದಿ ಜೀವ ಉಳಿಸಿಕೊಂಡ್ರು. ಆ ಗಿಡ ಇವತ್ತಿಗೂ ಉಸ್ಮಾನಿಯಾ ಆಸ್ಪತ್ರಿ ಅಂಗಳದಾಗ ಅದ.

ಆ ಹೊಳಿ ಇಳಿದ ಮ್ಯಾಲ ಆರನೇ ನಿಜಾಮ ಮಹಬೂಬ್ ಅಲಿ ಖಾನ್ ಸರಕಾರ ಮೈಸೂರು ಸೀಮೆಯ ಎಂಜಿನಿಯರ್ ವಿಶ್ವೇಶ್ವರಯ್ಯನವರನ್ನು ಕರೆಸ್ತು. ಅವರು ಊರಿನ ಸುತ್ತ ಗೋಡಿ ಕಟ್ರಿ ಅಂತ ಹೇಳಲಿಲ್ಲ. ಊರಿಗಿಂತ ಮ್ಯಾಲ ನೀರು ಹಿಡಿದು ನಿಲ್ಲಿಸೋ ಜಾಗ ಮಾಡ್ರಿ, ಮಳಿ ಬಂದಾಗ ತುಂಬಲಿಕ್ಕ ಅದರಾಗ ಖಾಲಿ ಜಾಗ ಇಟ್ಟಿರ್ರಿ ಅಂದ್ರು. ಅದರಂಗ ಉಸ್ಮಾನ್ ಸಾಗರ 1920ಕ್ಕ, ಹಿಮಾಯತ್ ಸಾಗರ 1927ಕ್ಕ ಮುಗಿದವು. ಕುಡಿಯಲಿಕ್ಕೂ ನೀರಾಯ್ತು, ಹೊಳಿಗೂ ತಡೆ ಆಯ್ತು. 1912ರಾಗ ಊರು ಸುಧಾರಣೆಗೆ ಒಂದು ಮಂಡಳಿನೂ ಮಾಡಿದ್ರು.

ಪಾಠ ಸಣ್ಣದು. ಡ್ಯಾಮ್ ಹೊಳಿ ತಡೀಬೇಕು ಅಂದ್ರ ಅದರಾಗ ಖಾಲಿ ಜಾಗ ಬೇಕು. ತುಂಬಿದ ಕೊಡಕ್ಕ ಮತ್ತೊಂದು ತಂಬಗಿ ನೀರು ಹಾಕಿದ್ರ ಚೆಲ್ಲದೆ ಇನ್ನೇನು? ರಾಜಧಾನಿ ಈ ಪಾಠ ಕಲಿತು. ಭೀಮಾ ದಂಡಿಯ ಹಳ್ಳಿಗೆ ಅದು ಬರಲಿಲ್ಲ. ಹಳ್ಳಿಯೊಳಗ ಇದ್ದವರು ಮಾಲಿಪಾಟೀಲ, ಪೊಲೀಸ್ ಪಾಟೀಲ, ಪಟವಾರಿ. ಪಟವಾರಿ ಬರೆದದ್ದೇ ಬೆಳಿ, ಪಟವಾರಿ ಬರೆದದ್ದೇ ಹಾನಿ. ಕಂದಾಯ ಮಾಫಿ ಆದ್ರೂ ಅದು ಪಟ್ಟೇದಾರನಿಗೆ, ತಗಾವಿ ಸಾಲ ಸಿಕ್ರೂ ಹೊಲ ಅಡ ಇಡಲಿಕ್ಕ ಇದ್ದವನಿಗೆ. ಹೊಲ ಉತ್ತವನ ಹೆಸರು ಆ ದಫ್ತರದಾಗ ಇರಲಿಲ್ಲ. ಈ ಮಾತು ನೆನಪಿಡ್ರಿ, ಮುಂದ ಮತ್ತ ಬರ್ತದ.

1961ರಿಂದ 1980: ಡ್ಯಾಮಿನ ಕಾಲ

1948ರ ಸೆಪ್ಟೆಂಬರ್ 17ಕ್ಕ ಸಂಸ್ಥಾನ ಭಾರತಕ್ಕ ಸೇರ್ತು. 1956ರ ನವೆಂಬರ್ 1ಕ್ಕ ನಾವು ಕನ್ನಡ ನಾಡಿಗೆ ಬಂದ್ವಿ. ಭೀಮಾದ ಎರಡೂ ದಂಡಿ ಒಂದೇ ರಾಜ್ಯ ಆದವು, ಆದ್ರ ಮ್ಯಾಲಿನ ಭಾಗ ಬ್ಯಾರೆ ರಾಜ್ಯದಾಗ ಉಳೀತು.

1961ರ ಜುಲೈ 12ರಂದು ಪುಣೆ ಹತ್ತಿರ ಪಾನಶೇತ್ ಡ್ಯಾಮ್ ಇನ್ನೂ ಕಟ್ಟಿ ಮುಗಿಯೋದರೊಳಗೇ ಒಡೀತು. ಆ ನೀರಿನ ಪೆಟ್ಟಿಗೆ ಕೆಳಗಿನ ಖಡಕವಾಸ್ಲಾನೂ ಹೋಯ್ತು, ಅರ್ಧ ಪುಣೆ ಮುಳುಗಿತು. ಆ ಮುಠಾ ಹೊಳಿ ನೀರೂ ಕಡೀಕ ಬಂದು ಸೇರೋದು ನಮ್ಮ ಭೀಮಾಕ್ಕೇ. ಮ್ಯಾಲ ಕಟ್ಟಿದ್ದು ಕೆಳಗಿನವರಿಗೆ ಕಾವಲೂ ಆಗಬಹುದು, ಅಪಾಯಾನೂ ಆಗಬಹುದು ಅಂತ ಇಡೀ ದೇಶ ಆವತ್ತು ಕಂಡಿತು.

1976ರಾಗ ಬಚಾವತ್ ನ್ಯಾಯಮಂಡಳಿಯ ಹಂಚಿಕಿ ಜಾರಿಗೆ ಬಂತು. ಭೀಮಾ ಹೊಳಿಯಿಂದ ಮಹಾರಾಷ್ಟ್ರ 95 ಟಿಎಂಸಿ, ಕರ್ನಾಟಕ 15 ಟಿಎಂಸಿ ಮೀರಬಾರದು ಅಂತ ಗೆರಿ ಎಳೆದ್ರು. 1980ಕ್ಕ ಉಜನಿ ಮುಗೀತು. ಒಟ್ಟು ಸುಮಾರು 117 ಟಿಎಂಸಿ ಹಿಡಿಯೋ ಡ್ಯಾಮ್. ಅದನ್ನು ಕಟ್ಟಿದ್ದು ಸೊಲ್ಲಾಪುರ ಜಿಲ್ಲೆಯ ಬರಗಾಲಕ್ಕ. ಕಬ್ಬಿಗೆ, ಕುಡಿಯಲಿಕ್ಕ ನೀರು ಕೂಡಿಸಿ ಇಡೋದೇ ಅದರ ಕೆಲಸ. ಸೆಪ್ಟೆಂಬರ್ ಹೊತ್ತಿಗೆ ಅದನ್ನು ತುಂಬಿಸಿಕೊಳ್ಳದಿದ್ರ ಅಲ್ಲಿನ ರೈತರು ಸುಮ್ಮನಿರ್ತಾರೇನು? ಅವರ ಜಾಗದಾಗ ನಾವಿದ್ರೂ ಹಂಗೇ ಕೇಳ್ತಿದ್ವಿ. ಅವರ ಮ್ಯಾಲ ನನಗ ಸಿಟ್ಟಿಲ್ಲ. ಆದ್ರ ಮೂಸಿಗೆ ಸಿಕ್ಕ ಖಾಲಿ ಜಾಗದ ಲೆಕ್ಕ ಭೀಮಾಕ್ಕ ಸಿಗಲಿಲ್ಲ.

ನಮ್ಮ ಕಡೆ ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜ್ ಬಂತು, ಭೀಮಾ ಏತ ನೀರಾವರಿ ಬಂತು. ಘತ್ತರಗಾ, ಗಾಣಗಾಪುರ ಕಡೆ ಸೇತುವೆ, ಬ್ಯಾರೇಜ್ ಆದವು. ಆಳಂದ ತಾಲೂಕಿನ ಕೋರಳ್ಳಿ ಹತ್ತಿರ ಅಮರ್ಜಾ ಜಲಾಶಯ ಆಯ್ತು. ಸೊನ್ನದಾಗ ಹಿಡಿಯೋದು ಮೂರು ಟಿಎಂಸಿ ಚಿಲ್ಲರೆ. ಬ್ಯಾಸಿಗಿಗೆ ಅದು ಅಮೃತ, ಹೊಳಿಗೆ ಅದು ಲೆಕ್ಕಕ್ಕೇ ಇಲ್ಲ. ಗೇಟ್ ಎಲ್ಲಾ ಎತ್ತಿ ಬಂದದ್ದನ್ನು ಬಂದಂಗ ಬಿಡಬೇಕು ಅಷ್ಟೇ. ಬ್ಯಾಸಿಗ್ಯಾಗ ಇದೇ ಭೀಮಾದಾಗ ಮಳಲು ಬಿಸಿಲಿಗೆ ಕಾಯ್ತಿರ್ತದ, ಉಜನಿಯಿಂದ ನೀರು ಬಿಡ್ರಿ ಅಂತ ನಮ್ಮ ಮಂದಿ ಧರಣಿ ಕೂಡ್ತಾರ. ಚಿತ್ತಾ ಮಳಿಗೆ ಬಿಡಬ್ಯಾಡ್ರೋ ಮಾರಾಯರೇ ಅಂತ ಕೈ ಮುಗೀತೀವಿ. ಬರಕ್ಕೂ ಹೊಳಿಗೂ ಎರಡು ರಾಜ್ಯದ ಅಧಿಕಾರಿಗಳು ಒಂದೇ ಮೇಜಿಗೆ ಕುಂತು ಲೆಕ್ಕ ಹಾಕಬೇಕಾದ ಹೊಳಿ ಇದು.

ಕಿಲ್ಲಾರಿ ಕಲಿಸಿದ್ದು

ಹೊಳಿಯ ಮಾತಿನಾಗ ಭೂಕಂಪ ಯಾಕ ಅಂತೀರಿ? ಊರು ಎತ್ತಿ ಬ್ಯಾರೆ ಕಡೆ ಇಡೋ ಕೆಲಸ ನಮ್ಮ ನೆರೆಯಾಗ ದೊಡ್ಡದಾಗಿ ಆದದ್ದು ಅಲ್ಲೇ. 1993ರ ಸೆಪ್ಟೆಂಬರ್ 30, ನಸುಕಿನ್ಯಾಗ ಲಾತೂರ ಜಿಲ್ಲೆಯ ಕಿಲ್ಲಾರಿ ನಡುಗಿತು. ಆಳಂದ ತಾಲೂಕಿಗೆ ಹತ್ತಿದ ಉಮರ್ಗಾ ತಾಲೂಕಿನಾಗೂ ಊರಿಗೆ ಊರೇ ಕುಸಿದವು. ಕಲ್ಲು, ಮಣ್ಣಿನ ದಪ್ಪ ಗೋಡಿ, ಮ್ಯಾಲ ಮಣ್ಣಿನ ಮಾಳಗಿ. ನಮ್ಮ ಮನಿಗಳಂಥವೇ. ಹತ್ತಿರ ಹತ್ತಿರ 8,000 ಜನ ಹೋದ್ರು.

ಆಮ್ಯಾಲ ಮಹಾರಾಷ್ಟ್ರ ಸರಕಾರ ವಿಶ್ವ ಬ್ಯಾಂಕಿನ ಸಾಲ ತಗೊಂಡು 52 ಹಳ್ಳಿ ಹೊಸ ಜಾಗಕ್ಕ ಎಬ್ಬಿಸಿ ಕಟ್ಟಿತು. ಸಿಮೆಂಟಿನ ಗಟ್ಟಿ ಮನಿ, ಅಗಲ ರಸ್ತೆ, ಉದ್ದಕ್ಕ ಸಾಲು. ಜೀವದ ಭಯ ಹೋಯ್ತು, ಅದು ದೊಡ್ಡ ಮಾತು. ಆದ್ರ ಹೊಸ ಊರು ಪಟ್ಟಣದ ಲೇಔಟಿನಂಗ ಹರವಿಕೊಂಡವು. ಎತ್ತು ಕಟ್ಟಲಿಕ್ಕ, ಕಣಿಕಿ ಬಣವಿ ಹಾಕಲಿಕ್ಕ, ರಾಶಿ ಮಾಡಲಿಕ್ಕ ಜಾಗ ಎಲ್ಲಿ ಅಂತ ರೈತನನ್ನು ಕೇಳಿ ನಕ್ಷೆ ಹಾಕಿದ್ದಿಲ್ಲ. ಹಳೆ ಊರಾಗ ಅಣ್ಣ ತಮ್ಮರ ಮನಿ ಗೋಡಿಗೆ ಗೋಡಿ ಇದ್ವು, ಹೊಸದರಾಗ ಒಬ್ಬಾತ ಈ ತುದಿ, ಒಬ್ಬಾತ ಆ ತುದಿ. ಮನಿ ಕಟ್ಟೋದು ಗುತ್ತೇದಾರನ ಕೈಯಾಗ ಅದ, ಊರು ಕಟ್ಟೋದು ಊರಿನವರ ಕೈಯಾಗ ಅದ ಅಂತ ಕಿಲ್ಲಾರಿ ತೋರಿಸ್ತು.

2009: ಆಸರೆ

2001ರ ಭುಜ್ ಭೂಕಂಪ, 2004ರ ಸುನಾಮಿ ಆದ ಮ್ಯಾಲ 2005ಕ್ಕ ದೇಶಕ್ಕೆಲ್ಲಾ ವಿಪತ್ತು ನಿರ್ವಹಣಾ ಕಾಯ್ದೆ ಬಂತು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ, ಎನ್‌ಡಿಆರ್‌ಎಫ್ ತಂಡ, ಇವೆಲ್ಲಾ ಆ ಕಾಯ್ದೆಯ ಮಕ್ಕಳು. ಮುಂಚೆ ಪರಿಹಾರ ಅಂದ್ರ ಅರಸರ ದಾನ ಇದ್ದಂಗ, ಕೊಟ್ರ ಕೊಟ್ರು, ಇಲ್ಲಾಂದ್ರ ಇಲ್ಲ. ಕಾಯ್ದೆ ಬಂದ ಮ್ಯಾಲ ಅದಕ್ಕೊಂದು ಪಟ್ಟಿ, ಒಂದು ದರ, ಕೇಳಲಿಕ್ಕ ಒಂದು ಬಾಗಿಲು ಆಯ್ತು.

ಅದಾದ ಮ್ಯಾಲ ನಮಗ ಬಂದ ಒಂದು ದೊಡ್ಡ ಪರೀಕ್ಷೆ 2009. ಬಿಜಾಪುರ, ಬಾಗಲಕೋಟ, ರಾಯಚೂರು, ಕೊಪ್ಪಳ, ಗುಲಬರ್ಗಾ, ಉತ್ತರ ಕರ್ನಾಟಕ ಪೂರಾ ನೆನೀತು. ರಾಜ್ಯದಾಗ 200ಕ್ಕಿಂತ ಹೆಚ್ಚು ಮಂದಿ ಸತ್ರು. ಎಷ್ಟೋ ಮಂದಿ ನೀರಿಗೆ ಹೋಗಲಿಲ್ಲ, ಮಳಿಗೆ ನೆನೆದ ಮಣ್ಣಿನ ಗೋಡಿ ಬಿದ್ದು ಹೋದ್ರು. ಕೆಳಗ ಮಂತ್ರಾಲಯ, ಕರ್ನೂಲು ಮುಳುಗಿದ್ವು. ಸಾಲಿ ಕಟ್ಟಡದಾಗ, ಗುಡ್ಯಾಗ ಗಂಜಿ ಕೇಂದ್ರ ನಡೆದವು.

ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು ರಸ್ತೆಗಿಳಿದು ದೇಣಿಗೆ ಎತ್ತಿದ್ರು. ‘ಆಸರೆ’ ಅಂತ ಯೋಜನೆ ಮಾಡಿದ್ರು. ಸರಕಾರ ಜಾಗ ಕೊಡಬೇಕು, ಮಠ, ಕಂಪನಿ, ಸಂಘ ಸಂಸ್ಥೆಯವರು ಊರು ದತ್ತು ತಗೊಂಡು ಮನಿ ಕಟ್ಟಿಸಬೇಕು. ನವಗ್ರಾಮ ಅಂತ ಹೆಸರಿಟ್ರು. ಒಳ್ಳೆ ಮನಸ್ಸಿನ ಕೆಲಸ, ಸಾವಿರಾರು ಮನಿ ಎದ್ದವು. ಆದ್ರ ಉತ್ತರ ಕರ್ನಾಟಕದ ಎಷ್ಟೋ ನವಗ್ರಾಮದಾಗ ಮನಿ ಮುಗಿದು ವರ್ಷಗಟ್ಟಲೆ ಬೀಗ ಬಿದ್ದಿತ್ತು. ಜಾಲಿ ಬೆಳೆದು ಬಾಗಿಲು ಮುಚ್ಚಿದ್ವು. ಕಾರಣ ಕಿಲ್ಲಾರಿಯದ್ದೇ. ಕುಡಿಯೋ ನೀರಿನ ಪೈಪ್ ಬಂದಿಲ್ಲ, ಕರೆಂಟ್ ಕಂಬ ಬಂದಿಲ್ಲ, ಎಮ್ಮಿ ಕಟ್ಟಲಿಕ್ಕ ಜಾಗ ಇಲ್ಲ, ಹೊಲ ಮೂರು ಮೈಲು ದೂರ. ಒಂದು ಮನ್ಯಾಗ ಮೂರು ಮಂದಿ ಅಣ್ಣ ತಮ್ಮರ ಸಂಸಾರ ಇದ್ರ ಹಕ್ಕುಪತ್ರ ಒಂದೇ. ಹಿಂಗಾಗಿ ಹೊಳಿ ಬಂದಾಗ ಹೊಸ ಊರು, ಹೊಳಿ ಇಳಿದಾಗ ಹಳೆ ಊರು ಅಂತ ಮಂದಿ ಎರಡು ದ್ವಾಣಿ ಮ್ಯಾಲ ಕಾಲಿಟ್ಟು ನಿಂತ್ರು.

2020: ಜೀವ ಉಳೀತು

2020ರ ಅಕ್ಟೋಬರ್ 13ರ ಮುಂಜಾನೆ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಕಾಕಿನಾಡ ಹತ್ತಿರ ದಂಡಿಗೆ ಹತ್ತಿತು. ಅದು ತೆಲಂಗಾಣದ ಮ್ಯಾಲಿಂದ ನಮ್ಮ ಜಿಲ್ಲೆ ದಾಟಿ ಮಹಾರಾಷ್ಟ್ರಕ್ಕ ಹೋಯ್ತು. ಹೈದರಾಬಾದಿನಾಗ ಮತ್ತ ಮೂಸಿ ಉಕ್ಕಿತು. ನಮ್ಮ ಕಡೆ ಕಾಗಿಣಾ ಬಂದು ಮಳಖೇಡದ ಮಠ ಮುಳುಗಿತು. ಎರಡು ದಿನ ಬಿಟ್ಟು ಉಜನಿ, ವೀರ್ ನೀರು ಭೀಮಾಕ್ಕ ಬಂತು. ಮಣ್ಣೂರ ಯಲ್ಲಮ್ಮನ ಗುಡಿ, ಘತ್ತರಗಾ ಭಾಗ್ಯವಂತಿ ಗುಡಿ, ಗಾಣಗಾಪುರದ ಸಂಗಮ ಎಲ್ಲಾ ನೀರಾಗ ನಿಂತವು. ಮಿಲಿಟರಿ ಬಂತು, ಎನ್‌ಡಿಆರ್‌ಎಫ್ ಬೋಟ್ ಬಂದ್ವು. ಗಂಜಿ ಕೇಂದ್ರ ಹೋಗಿ ಕಾಳಜಿ ಕೇಂದ್ರ ಅಂತ ಹೆಸರಾಗಿತ್ತು. ಕೊರೊನಾ ಕಾಲದಾಗ ಸಾವಿರಾರು ಮಂದಿಯನ್ನು ಒಂದು ಸೂರಿನ ಕೆಳಗ ಇಡೋದು ಸಣ್ಣ ಕೆಲಸ ಅಲ್ಲ. ಇಷ್ಟು ದೊಡ್ಡ ಹೊಳಿಗೆ ಜನ ಉಳಿದ್ರು ಅನ್ನೋದನ್ನು ನಾವು ಒಪ್ಪಬೇಕು. ಮೂಸಿಯ 15,000 ಎಲ್ಲಿ, ಇದು ಎಲ್ಲಿ. ಜೀವ ಉಳಿಸೋ ಕೆಲಸದಾಗ ಸರಕಾರ ನೂರು ವರ್ಷದಾಗ ಬಹಳ ಮುಂದ ಬಂದದ.

ಆಗ ಸಾಮಾನು ಕಳಕೊಂಡ ಮನಿಗೆ ತುರ್ತು 10,000 ರೂಪಾಯಿ, ಪೂರ್ತಿ ಬಿದ್ದ ಮನಿ ಕಟ್ಟಲಿಕ್ಕ 5 ಲಕ್ಷ ಅಂತ ರಾಜ್ಯ ಕೊಟ್ಟಿತು. ಕೇಂದ್ರದ ದರಕ್ಕಿಂತ ಅದು ಬಹಳ ಹೆಚ್ಚು. ಆದ್ರ ಮನಿ ಎ, ಬಿ, ಸಿ ಅಂತ ಯಾವ ವರ್ಗಕ್ಕ ಬೀಳ್ತದ ಅನ್ನೋದರ ಮ್ಯಾಲ ಎಲ್ಲಾ ನಿಂತಿತ್ತು. ಒಂದು ಅಕ್ಷರದ ಫರಕಿಗೆ ಲಕ್ಷ ಲಕ್ಷ ಫರಕು. ಹೊಲಕ್ಕ ಮಾತ್ರ ಒಣ ಬೇಸಾಯಕ್ಕ ಹೆಕ್ಟೇರಿಗೆ 6,800. ಎಕರೆಗೆ ಹಚ್ಚಿದ್ರ 2,750. ಬೀಜ, ಗೊಬ್ಬರ, ಕಳೆ ತಗಿಯೋ ಕೂಲಿ, ಎಣ್ಣಿ ಹೊಡೆದದ್ದು ಎಲ್ಲಾ ಕೂಡಿಸಿ ನೀವೇ ಲೆಕ್ಕ ಹಾಕ್ರಿ.

ಇನ್ನೊಂದು ಮಾತು ಯಾರೂ ಎತ್ತೋದಿಲ್ಲ. ಆ ಅಕ್ಟೋಬರದಾಗ ನಮ್ಮ ಗ್ರಾಮ ಪಂಚಾಯಿತಿಗಳಿಗೆ ಆರಿಸಿ ಬಂದ ಮೆಂಬರೇ ಇರಲಿಲ್ಲ. ಅವಧಿ ಮುಗಿದಿತ್ತು, ಆಡಳಿತಾಧಿಕಾರಿ ಇದ್ರು, ಚುನಾವಣೆ ಆದದ್ದು ಡಿಸೆಂಬರ್‌ಗೆ. 2025ರ ಹೊಳಿಗೆ ಗ್ರಾಮ ಪಂಚಾಯಿತಿ ಮೆಂಬರ್ ಇದ್ರು, ಆದ್ರ ತಾಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಖಾಲಿ. 2021ರಾಗ ಅವಧಿ ಮುಗಿದ ಮ್ಯಾಲ ಚುನಾವಣೆಯೇ ಆಗಿದ್ದಿಲ್ಲ. ಹಾನಿ ಪಟ್ಟ್ಯಾಗ ಹೆಸರು ಬಿಟ್ಟಾಗ ನಮ್ಮ ಪರವಾಗಿ ದಬಾಯಿಸಿ ಕೇಳೋ ಮನುಷ್ಯ ಯಾರು? ಅಧಿಕಾರಿ ಎಷ್ಟೇ ಒಳ್ಳೆಯವರಿದ್ರೂ ಅವರಿಗೆ ನಮ್ಮ ಓಣಿ ಗೊತ್ತಿರೋದಿಲ್ಲ.

2025: ದರ ಏರಿತು

2025ರ ಸೆಪ್ಟೆಂಬರದಾಗ ಸೊಲ್ಲಾಪುರ ಜಿಲ್ಲೆಯ ಸೀನಾ ದಂಡಿ ಹಿಂದ ಕಾಣದಷ್ಟು ತುಂಬಿ ಬಂತು. ಉಜನಿ ನೀರೂ ಕೂಡಿತು. ಕಟ್ಟಿ ಸಂಗಾವಿ ಸೇತುವೆ ಹತ್ತಿರ ಹೊಳಿ ಏರಿ ಕಲಬುರಗಿ–ಜೇವರ್ಗಿ ರಸ್ತೆ ಬಂದ್ ಮಾಡಿದ್ರು. ಆಳಂದದ ಕಡೆ ಹೊಳಿ ಇಲ್ಲ, ಆದ್ರ ತಿಂಗಳುಗಟ್ಟಲೆ ಬಿದ್ದ ಮಳಿಗೆ ಎರೆ ಹೊಲದಾಗ ನೀರು ನಿಂತು ತೊಗರಿ ಬೇರು ಕೊಳೀತು, ಹಳ್ಳದ ದಂಡಿಯ ಮಣ್ಣು ಕೊಚ್ಚಿ ಹೋಯ್ತು. ಟಿವಿಯವರಿಗೆ ಮುಳುಗಿದ ಗುಡಿ ಬೇಕು. ನಿಂತಲ್ಲೇ ಒಣಗಿದ ತೊಗರಿ ಫೋಟೋಕ್ಕ ಚಂದ ಕಾಣಸೋದಿಲ್ಲ. ಹಿಂಗಾಗಿ ಆಳಂದದ ಹಾನಿ ಸುದ್ದಿ ಆಗೋದು ಕಮ್ಮಿ.

ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವೈಮಾನಿಕ ಸಮೀಕ್ಷೆ ಮಾಡಿ ಕಲಬುರಗಿಯೊಳಗೇ ಘೋಷಣೆ ಮಾಡಿದ್ರು. ಕೇಂದ್ರದ ದರದ ಮ್ಯಾಲ ರಾಜ್ಯದಿಂದ ಹೆಕ್ಟೇರಿಗೆ 8,500 ಹೆಚ್ಚು. ಒಣ ಬೇಸಾಯಕ್ಕ 8,500 ಇದ್ದದ್ದು 17,000, ನೀರಾವರಿಗೆ 17,000 ಇದ್ದದ್ದು 25,500, ಬಹುವಾರ್ಷಿಕ ಬೆಳಿಗೆ 22,500 ಇದ್ದದ್ದು 31,000. ಎರಡು ಹೆಕ್ಟೇರಿಗೆ ಮಿತಿ. 2021ರಾಗ ಬೊಮ್ಮಾಯಿ ಸರಕಾರನೂ ಹಿಂಗೇ ಒಣ ಬೇಸಾಯಕ್ಕ 13,600 ಮಾಡಿತ್ತು. ಯಾವ ಪಕ್ಷ ಇರ್ಲಿ, ಕೇಂದ್ರದ ದರ ಸಾಲೋದಿಲ್ಲ ಅನ್ನೋದನ್ನು ಎರಡೂ ಸರಕಾರ ಒಪ್ಪಿದಂಗಾಯ್ತು. 17,000 ಅಂದ್ರ ಎಕರೆಗೆ ಸುಮಾರು 6,880. ಪೂರಾ ಅಲ್ಲ, ಆದ್ರ 2,750ಕ್ಕಿಂತ ಎಷ್ಟೋ ವಾಸಿ.

ಈಗ ಹಣ ‘ಪರಿಹಾರ’ ತಂತ್ರಾಂಶದಿಂದ ಸೀದಾ ಬ್ಯಾಂಕ್ ಖಾತೆಗೆ ಬರ್ತದ. ನಡುವ ಕೈ ಬಿಸಿ ಮಾಡೋರು ಕಮ್ಮಿ ಆದ್ರು, ಒಳ್ಳೇದು. ಆದ್ರ ಎಫ್‌ಐಡಿ ಇರಬೇಕು, ಆಧಾರ್ ಖಾತೆಗೆ ಜೋಡಣೆ ಆಗಿರಬೇಕು, ಪಹಣಿಯೊಳಗಿನ ಹೆಸರು ಆಧಾರಿನ ಹೆಸರಿಗೆ ತಾಳೆ ಆಗಬೇಕು. ಅಪ್ಪ ಸತ್ತು ಹತ್ತು ವರ್ಷ ಆದ್ರೂ ಪಹಣಿ ಅಪ್ಪನ ಹೆಸರಿನ ಮ್ಯಾಲೇ ಇರೋ ಮನಿ ನಮ್ಮ ಕಡೆ ಎಷ್ಟು ಬೇಕಾದಷ್ಟು ಅವ. ಸತ್ತವರ ಖಾತೆಗೆ ಪರಿಹಾರ ಬೀಳೋದಿಲ್ಲ.

ಪ್ರತಿ ಸಲ ದಾಟಿ ಹೋದವರು

ಈಗ ಆ ಪಟವಾರಿ ದಫ್ತರದ ಮಾತಿಗೆ ಬರ್ತೀನಿ. ನೂರು ವರ್ಷದಾಗ ಡ್ಯಾಮ್ ಬಂತು, ಕಾಯ್ದೆ ಬಂತು, ಬೋಟ್ ಬಂತು, ದರ ಏರಿತು. ಆದ್ರ ಹೊಲ ಉತ್ತವನ ಹೆಸರು ಇವತ್ತಿಗೂ ದಫ್ತರದಾಗ ಇಲ್ಲ. ಲಾವಣಿಗೆ, ಪಾಲಿಗೆ ಹೊಲ ಮಾಡೋರ ಮಾತು ಹೇಳಲತೀನಿ.

ಇದಕ್ಕೊಂದು ಇತಿಹಾಸ ಅದ. 1974ರ ಭೂ ಸುಧಾರಣೆ ತಿದ್ದುಪಡಿ ಬಂದಾಗ ಉಳುವವನೇ ಒಡೆಯ ಅಂತ ಎಷ್ಟೋ ಗೇಣಿದಾರರಿಗೆ ಹೊಲ ಸಿಕ್ಕಿತು. ಬಹಳ ದೊಡ್ಡ ಕೆಲಸ ಅದು. ಅದರ ಜೋಡಿ ಗೇಣಿ ಅನ್ನೋದನ್ನೇ ಕಾಯ್ದೆ ರದ್ದು ಮಾಡ್ತು. ಕಾಗದದಾಗ ರದ್ದಾಯ್ತು, ಹೊಲದಾಗ ಆಗಲಿಲ್ಲ. ಮಾಲಕರು ಪಟ್ಟಣ ಸೇರಿದ ಹಂಗ ಲಾವಣಿ ಹೆಚ್ಚಾಯ್ತು, ಎಲ್ಲಾ ಬಾಯಿ ಮಾತಿನ ಮ್ಯಾಲ. ಒಂದು ಚೀಟಿ ಬರೆದು ಕೊಟ್ರ ನಾಳೆ ಹೊಲ ಹೋದೀತು ಅಂತ ಮಾಲಕನಿಗೆ ಭಯ. ಕೇಳಿದ್ರ ಮುಂದಿನ ವರ್ಷ ಹೊಲ ಕೊಡಲಿಕ್ಕಿಲ್ಲ ಅಂತ ಲಾವಣಿಯವನಿಗೆ ಭಯ. ಹಿಂಗಾಗಿ ಹೊಳಿ ಬಂದಾಗ ಬೆಳಿ ಹೋಗೋದು ಲಾವಣಿಯವನದು, ಪರಿಹಾರ ಬೀಳೋದು ಮಾಲಕನ ಖಾತೆಗೆ. ಮನಸ್ಸಿದ್ದ ಮಾಲಕ ಕರೆದು ಕೊಡ್ತಾನ. ಲಾವಣಿ ರೊಕ್ಕ ಬಾಕಿ ಅದ ಅಂತ ಮುರಕೊಳ್ಳೋರೂ ಅವರ. ಸಾಲ ಮಾತ್ರ ಲಾವಣಿಯವನ ಹೆಗಲ ಮ್ಯಾಲೇ ಉಳೀತದ.

ಕೂಲಿಯವರ ಮಾತು ಇನ್ನೂ ಕಷ್ಟ. ಹತ್ತಿ ಬಿಡಿಸೋ ಕೂಲಿ ಹೋಯ್ತು, ತೊಗರಿ ಕೊಯ್ಯೋ ಕೂಲಿ ಹೋಯ್ತು. ಅವರಿಗೆ ಯಾವ ಹೆಕ್ಟೇರಿನ ಲೆಕ್ಕನೂ ಇಲ್ಲ. ಹೊಳಿ ಇಳಿದ ಮ್ಯಾಲ ಪುಣೆ, ಮುಂಬೈ, ಹೈದರಾಬಾದ್ ಬಸ್ಸಿನಾಗ ಮೊದಲು ಹತ್ತೋರು ಅವರೇ. ಮಕ್ಕಳ ಸಾಲಿ ಅಲ್ಲಿಗೇ ಮುಗೀತು.

ಇನ್ನು ಮಣ್ಣಿನ ಮಾತು. ಹೊಳಿ ಎರಡು ಥರ ಮಾಡ್ತದ. ಒಂದು ಕಡೆ ಮಣ್ಣು ಒಯ್ತದ, ಇನ್ನೊಂದು ಕಡೆ ಮಳಲು, ರಾಡಿ ಹೇರ್ತದ. ಎಸ್‌ಡಿಆರ್‌ಎಫ್ ನಿಯಮದಾಗ ಹೊಲದ ಮ್ಯಾಲ ಮೂರು ಇಂಚಿಗಿಂತ ಹೆಚ್ಚು ಹೂಳು ಕುಂತಿದ್ರ ತಗೀಲಿಕ್ಕ ಹೆಕ್ಟೇರಿಗೆ 18,000, ಹೊಳಿ ದಾರಿ ಬದಲಿಸಿ ಹೊಲವೇ ಹೋಗಿದ್ರ ಹೆಕ್ಟೇರಿಗೆ 47,000 ಅಂತ 2025ರಾಗ ಇತ್ತು. ಇದು ಸಣ್ಣ, ಅತಿ ಸಣ್ಣ ರೈತರಿಗೆ. ಹಾಲು ಕೊಡೋ ಎಮ್ಮಿ, ಆಕಳಿಗೆ 37,500, ಎತ್ತಿಗೆ 32,000, ಕುರಿ, ಆಡಿಗೆ 4,000 ಇತ್ತು. ನಮ್ಮ ಮಂದಿ ಬೆಳಿಹಾನಿ ಒಂದೇ ಅರ್ಜಿ ಕೊಟ್ಟು ಮನಿಗೆ ಬರ್ತಾರ. ಹೂಳಿಗೆ ಬ್ಯಾರೆ ಅರ್ಜಿ ಕೊಡಬೇಕು, ಮಳಲು ತೆಗೆಯೋದಕ್ಕಿಂತ ಮುಂಚೆ ಪಂಚನಾಮೆ ಆಗಬೇಕು. ಇನ್ನು ಹೊಳಿಯಾಗ ತೇಲಿ ಹೋದ ಮೋಟಾರ್, ಪೈಪ್, ಸ್ಟಾರ್ಟರ್ ಡಬ್ಬಿ. ಆ ಪಟ್ಟ್ಯಾಗ ಇವುಗಳ ಹೆಸರೇ ಇಲ್ಲ. ಭೀಮಾ ದಂಡಿ ರೈತನಿಗೆ ಬೆಳಿಗಿಂತ ದೊಡ್ಡ ಪೆಟ್ಟು ಅದೇ. ಇದನ್ನು ಪಟ್ಟಿಗೆ ಸೇರಿಸ್ರಿ ಅಂತ ಮೂರು ತಾಲೂಕಿನವರು ಕೂಡಿ ಕೇಳಬೇಕಾದ ಮಾತು ಇದು.

ಮಂದಿ ಮಂದಿಗೆ ಆದದ್ದು

ಸರಕಾರ ಬರೋದಕ್ಕಿಂತ ಮುಂಚೆ ಬರೋದು ರೊಟ್ಟಿ. 2009ಕ್ಕೂ, 2019ಕ್ಕೂ, 2020ಕ್ಕೂ ಮಡ್ಡಿ ಊರಿನ ತಾಯಂದಿರು ಮನಿ ಮನಿಗೆ ಖಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕಟ್ಟಿ ಟ್ರ್ಯಾಕ್ಟರಿನಾಗ ಕಳಿಸಿದ್ರು. ಹದಿನೈದು ದಿನ ಕೆಡದ ಅನ್ನ ಅದು. ಇದಕ್ಕ ಯಾರೂ ಸಮೀಕ್ಷೆ ಮಾಡಲಿಲ್ಲ, ಜಾತಿ ಕೇಳಲಿಲ್ಲ.

ಆದ್ರ ರೊಟ್ಟಿ ಎಂಟು ದಿನದ ಮಾತು. ಎಂಟು ದಿನ ಆದ ಮ್ಯಾಲ ಬೇಕಾಗೋದು ಕಣಿಕಿ, ಕಡಲಿ ಬೀಜ, ಎರಡು ಜೋಡಿ ಎತ್ತು, ಒಂದು ಟ್ರ್ಯಾಕ್ಟರ್. ಹಸ್ತಾ ಮಳಿಗೆ ಮುಳುಗಿದ ಹೊಲ ಹದ ಬರೋದು ದೀಪಾವಳಿ ಹೊತ್ತಿಗೆ. ಆಗ ಕಡಲಿ, ಜೋಳ ಬಿತ್ತಿದ್ರ ಒಂದು ವರ್ಷ ಪೂರಾ ಹೋಗೋದು ತಪ್ಪತದ. ಪರಿಹಾರ ಅಷ್ಟರೊಳಗ ಬರೋದಿಲ್ಲ. ಮುಯ್ಯಿಗೆ ಎತ್ತು ಕೊಟ್ಟು, ಬೀಜ ಕಡ ಕೊಟ್ಟು ನೆರೆಹೊರೆಯವರು ನಿಂತ ಊರಾಗ ಹಿಂಗಾರಿ ಬಿತ್ತಿಗಿ ಆಗ್ತದ. ನಿಲ್ಲದ ಊರಾಗ ಹೊಲ ಬೀಳು ಬೀಳ್ತದ, ಮಂದಿ ಗುಳೆ ಹೋಗ್ತಾರ. ಚೇತರಿಕಿ ಅನ್ನೋದು ಆ ಇಪ್ಪತ್ತು ದಿನದಾಗ ನಿರ್ಧಾರ ಆಗ್ತದ.

ಈಗ ನಾವು ಮಾಡಬೇಕಾದ್ದು

ಒಂದು ನೋಟ್‌ಬುಕ್ ಸಾಕು. ಊರಿಗೊಂದು. ಮೃಗಶಿರಾ ಮಳಿಗೆ ಬಿತ್ತಿಗಿ ಆದ ಕೂಡಲೆ ಯಾವ ಸರ್ವೇ ನಂಬರಿನಾಗ ಯಾರು ಏನು ಬಿತ್ಯಾರ, ಸ್ವಂತದ್ದೋ ಲಾವಣಿಯೋ ಪಾಲೋ, ನಾಕು ಮಂದಿ ಹಿರಿಯರ ಮುಂದ ಬರೀರಿ. ಲಾವಣಿ ಮಾಡೋವಾಗಲೇ ಒಂದು ಮಾತು ಕಟ್ರಿ: ಹೊಳಿ ಬಂದು ಪರಿಹಾರ, ವಿಮಾ ಬಂದ್ರ ಬಿತ್ತಿದವನಿಗೆ ಎಷ್ಟು ಪಾಲು ಅಂತ. ಹೊಲದ ಹಕ್ಕಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಮಾಲಕನಿಗೂ ಧೈರ್ಯ ಹೇಳ್ರಿ. ಕೋರ್ಟಿನಾಗ ಅದು ನಡೀಲಿಕ್ಕಿಲ್ಲ, ಕಟ್ಟಿ ಮ್ಯಾಲ ನಡೀತದ. ನಮ್ಮಲ್ಲಿ ಕಟ್ಟಿ ಮ್ಯಾಲಿನ ಮಾತಿಗೆ ಇನ್ನೂ ತೂಕ ಅದ.

ಹೊಳಿ ಬಂದಾಗ ನೀರು ಎಲ್ಲಿ ತನಕ ಬಂತು ಅಂತ ಗುಡಿ ಗೋಡಿಗೋ, ಸಾಲಿ ಗೋಡಿಗೋ ಬಣ್ಣದಿಂದ ಗೆರಿ ಹಾಕ್ರಿ, ತಾರೀಕು ಬರೀರಿ. ಹೊಸ ಮನಿ ಕಟ್ಟೋ ಹುಡುಗರಿಗೆ ಆ ಗೆರಿನೇ ನಕ್ಷೆ. ವಿಮಾ ಮಾಡಿಸಿದವರು ಹೊಲದಾಗ ನೀರು ನಿಂತ 72 ಗಂಟೆಯೊಳಗ ತಿಳಿಸಬೇಕು, ಆ ನಂಬರ್ ನೋಟ್‌ಬುಕ್ಕಿನ ಮೊದಲ ಹಾಳ್ಯಾಗ ಇರಲಿ. ಪಹಣಿ ಅಪ್ಪನ ಹೆಸರಿನಾಗ ಇದ್ದವರು ಈ ಬ್ಯಾಸಿಗ್ಯಾಗೇ ಫೌತಿ ಖಾತೆ ಮಾಡಿಸ್ರಿ. ಹೊಳಿ ಬಂದ ಮ್ಯಾಲ ಅದಕ್ಕ ಹೊತ್ತಿರೋದಿಲ್ಲ.

ನಿಜಾಮರ ಕಾಲದಾಗ ಪಟವಾರಿ ಒಬ್ಬ ಬರೀತಿದ್ದ, ಊರು ಓದಲಿಕ್ಕ ಬರದೆ ಸುಮ್ಮನಿತ್ತು. ಈಗ ಪ್ರತಿ ಮನ್ಯಾಗ ಎಸ್ಸೆಸ್ಸೆಲ್ಸಿ ಆದ ಹುಡುಗ, ಪಿಯುಸಿ ಆದ ಹುಡುಗಿ ಅವರ. ಅವರ ಕೈಗೆ ಪೆನ್ ಕೊಡ್ರಿ. ಯಾವ ಊರಾಗ ಈ ನೋಟ್‌ಬುಕ್ ಶುರು ಮಾಡ್ತೀರಿ, ಹೆಂಗ ಬರೀತೀರಿ ನಮಗೂ ತಿಳಸ್ರಿ, ನಮ್ಮೂರಿನದನ್ನೂ ಹಂಗೇ ತಿದ್ದಿಕೊಳ್ತೀವಿ.